180 ಮಿಲಿವೋಲ್ಟ್‌ನ ತಲೆನೋವು

ಒಡಲಲ್ಲಿ ಕಬ್ಬಿಣವಿರುವ ಫೆರೊಸೀನ್ ಆಲ್ಡಿಹೈಡನ್ನು ಮೆಥನಾಲಿನಲ್ಲಿ ಕರಗಿಸಿ ಸೋಡಿಯಂ ಬೋರೋಹೈಡ್ರೈಡನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ಕೆಂಪು ದ್ರಾವಣ ಹಳದಿಗೆ ತಿರುಗಿತು. ಫೆರೊಸೀನ್ ಮೆಥನಾಲ್ ಸಿದ್ಧ.

ತಕರಾರು ಬಂದದ್ದು ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ, ಅಂದರೆ ವೋಲ್ಟೇಜನ್ನು ಏರಿಸಿ ಇಳಿಸಿ ಹರಿಯುವ ವಿದ್ಯುತ್ತನ್ನು ಅಳೆಯುವ ಪರೀಕ್ಷೆಯಲ್ಲಿ. ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಮರಳಿ ಪಡೆಯುವಾಗ ಬರುವ ವಿದ್ಯುತ್ತಿನ ಎರಡು ಶಿಖರಗಳ ಅಂತರ 59 ಮಿಲಿವೋಲ್ಟ್ ಆಸುಪಾಸಿನಲ್ಲಿರಬೇಕು. ನನಗೆ ಸಿಕ್ಕಿದ್ದು 180. ಸಂಯುಕ್ತವನ್ನೇ ಶಂಕಿಸಿ ಎರಡು ಬಾರಿ ಶುದ್ಧೀಕರಿಸಿದೆ, ದಂಡ. ಕಾಸರಗೋಡಿನ ಆಟಿ ಮಳೆಯ ತೇವವನ್ನೂ ಬೈದೆ. ಪಾಪ, ನೀರಿನಲ್ಲೇ ಮಾಡುವ ಪ್ರಯೋಗಕ್ಕೆ ತೇವ ಏನು ಮಾಡೀತು!

ಕೊನೆಗೆ ದ್ರಾವಣದೊಡನೆ ಎಲೆಕ್ಟ್ರಾನ್ ಕೊಡು-ಕೊಳ್ಳುವ ಗ್ಲಾಸಿ ಕಾರ್ಬನ್ ವಿದ್ಯುದ್ವಾರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕನ್ನಡಿಯಂತೆ ಹೊಳೆಯಬೇಕಾದ ಮುಖದ ಮೇಲೆ ಅಡಿಕೆಯ ಚೊಗರು ಹಿಡಿದಂಥ ಮಬ್ಬು. ಹೊಳಪು ಕೊಡುವ 0.05 ಮೈಕ್ರಾನ್ ಅಲ್ಯುಮಿನಾ ಪುಡಿಯ ಮೇಲೆ ಎಂಟರ ಅಂಕಿ ಬರೆದಂತೆ ಐದು ನಿಮಿಷ ಉಜ್ಜಿ, ಚೆನ್ನಾಗಿ ತೊಳೆದೆ. ಅಂತರ 64ಕ್ಕೆ ಇಳಿಯಿತು.