ಇಂಡೊಮೆಥಾಸಿನ್ ಗಾಜು: ತಯಾರಿಸುವ ದಾರಿ ಬದಲಾದರೆ ಪುಡಿಯ ಗುಣವೂ ಬದಲು

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ಜೋಡಣೆ ನೋಡುವ ಪರೀಕ್ಷೆ) ಚೂಪು ಶಿಖರಗಳು ಮಾಯವಾಗಿ ಅಗಲವಾದ ದಿಬ್ಬವೊಂದೇ ಉಳಿದರೆ ಪುಡಿ ಅಸ್ಫಟಿಕವಾಯಿತು, ಅಂದರೆ ಅಣುಗಳ ಕ್ರಮಬದ್ಧ ಜೋಡಣೆ ಅಳಿದು ಗಾಜಿನಂತಾಯಿತು ಎಂದು ದಾಖಲಿಸುತ್ತೇವೆ. ಕರಗಿಸಿ ತಣಿಸಿದ ಪುಡಿಗೂ ಮಿಲ್‌ನಲ್ಲಿ ಅರೆದ ಪುಡಿಗೂ ಇದೇ ದಿಬ್ಬ ಬರುತ್ತದೆ. ಆದರೆ ಎರಡನ್ನೂ ತೇವ ಹೀರಿ ಒಣಗಿಡುವ ಒಂದೇ ಡೆಸಿಕೇಟರ್‌ನಲ್ಲಿಟ್ಟರೆ ಸಾಮಾನ್ಯವಾಗಿ ಅರೆದದ್ದೇ ಮೊದಲು ಹರಳುಗಟ್ಟುತ್ತದೆ. ಈ ವ್ಯತ್ಯಾಸ ಕಣ್ಣಾರೆ ನೋಡಲು ಇಂಡೊಮೆಥಾಸಿನ್ ಎಂಬ ನೋವು-ಉರಿಯೂತದ ಔಷಧ ಒಳ್ಳೆಯ ಮಾದರಿ. ಅದರ ಹರಳುಗಳಲ್ಲಿ ಗಾಮಾ ರೂಪ ಸುಮಾರು 161 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಲ್ಫಾ ರೂಪ ಸುಮಾರು 155ರಲ್ಲಿ ಕರಗುತ್ತದೆ. ಗಾಜು ಮೆತ್ತಗಾಗುವ ತಾಪಮಾನ, ಅಂದರೆ ಟಿಜಿ, ಸುಮಾರು 42.

ಮೊದಲು ಕರಗಿಸುವ ವಿಧಾನ. 2 ಗ್ರಾಂ ಗಾಮಾ ಪುಡಿಯನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿ ತೆಳುವಾಗಿ ಹರಡಿ, 165 ಡಿಗ್ರಿಯ ಓವನ್‌ನಲ್ಲಿ 5 ನಿಮಿಷ ಇಡಿ. ಒಂದು ಹರಳೂ ಉಳಿಯದೆ ಹಳದಿ ದ್ರವ ತಿಳಿಯಾಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ಕಾಯಿಸಿದರೆ ಔಷಧ ಒಡೆಯುತ್ತದೆ, ಹಾಗಾಗಿ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಒಮ್ಮೆ ಪರೀಕ್ಷಿಸುವುದು ಕಡ್ಡಾಯ. ತಟ್ಟೆಯ ತಳವನ್ನಷ್ಟೇ ಲಿಕ್ವಿಡ್ ನೈಟ್ರೋಜನ್‌ಗೆ ತಾಗಿಸಿ, ದ್ರವದ ಮೇಲೆ ನೈಟ್ರೋಜನ್ ಸುರಿಯಬೇಡಿ. ಇಲ್ಲೇ ಹೆಚ್ಚಿನವರು ಎಡವುವುದು: ಕೊರೆಯುವ ತಟ್ಟೆಯನ್ನು ಗಾಳಿಗೆ ತೆಗೆದರೆ ಗಾಜಿನ ಮೇಲೆ ತೇವ ಕೂರುತ್ತದೆ, ಶೇ. 1ರಷ್ಟು ನೀರು ಸೇರಿದರೂ ಟಿಜಿ ಹಲವು ಡಿಗ್ರಿ ಇಳಿಯುತ್ತದೆ. ತಟ್ಟೆ ಕೋಣೆಯ ತಾಪಕ್ಕೆ ಬರುವವರೆಗೂ ಒಣ ಡೆಸಿಕೇಟರ್‌ನಲ್ಲೇ ಇರಲಿ. ಆಮೇಲೆ ಒರಳಿನಲ್ಲಿ ಹಗುರವಾಗಿ ಪುಡಿ ಮಾಡಿ, ಜರಡಿ ಹಿಡಿಯಿರಿ. ಹರಳು ಬೆಳೆಯುವುದು ಒಳಗಿಗಿಂತ ಮೇಲ್ಮೈಯಲ್ಲಿ ಬಲುಬೇಗ, ಹೀಗಾಗಿ ನುಣ್ಣಗೆ ಅರೆದಷ್ಟೂ ಪುಡಿಯ ಆಯುಷ್ಯ ಕಡಿಮೆ. ಕಣದ ಗಾತ್ರ ಬೇರೆಯಿದ್ದ ಎರಡು ಪುಡಿಗಳನ್ನು ಹೋಲಿಸಿ ವಿಧಾನದ ಬಗ್ಗೆ ತೀರ್ಪು ಕೊಡುವುದು ತಪ್ಪು.

ಅರೆಯುವ ವಿಧಾನಕ್ಕೆ 25 ಮಿಲಿಲೀಟರಿನ ಉಕ್ಕಿನ ಜಾಡಿ, 12 ಮಿಲಿಮೀಟರಿನ ಎರಡು ಗುಂಡು, 1 ಗ್ರಾಂ ಔಷಧ, 30 ಹರ್ಟ್ಜ್, ಒಟ್ಟು 60 ನಿಮಿಷ. 4 ಡಿಗ್ರಿಯ ಕೋಲ್ಡ್ ರೂಮ್‌ನಲ್ಲಿ ಮಾಡಿ, 10 ನಿಮಿಷಕ್ಕೊಮ್ಮೆ ನಿಲ್ಲಿಸಿ ಜಾಡಿ ತಣಿಯಲು ಬಿಡಿ. ಜಾಡಿಯೊಳಗಿನ ಬಿಸಿ ಟಿಜಿ ದಾಟಿದರೆ ಒಂದು ಕಡೆ ಅರೆದು ಕೆಡಿಸಿದ ಜೋಡಣೆ ಇನ್ನೊಂದು ಕಡೆ ಮತ್ತೆ ಕಟ್ಟಿಕೊಳ್ಳುತ್ತದೆ. ಕರಗಿಸಿದಾಗ ಹಳೆಯ ಹರಳು ಪೂರ್ತಿ ಅಳಿಯುತ್ತದೆ, ಅರೆದಾಗ ಹಾಗಲ್ಲ. ಎಕ್ಸ್‌ಆರ್‌ಡಿಗೆ ಕಾಣದಷ್ಟು ಸಣ್ಣ ಬೀಜಗಳು ಉಳಿಯಬಹುದು, ಮುಂದೆ ಪುಡಿ ಅವುಗಳ ಸುತ್ತ ಹರಳುಗಟ್ಟುತ್ತದೆ. ಬೀಜ ಬಿದ್ದ ಸಕ್ಕರೆ ಪಾಕ ಹರಳಾಗುವುದೂ ಹೀಗೆಯೇ.

ಮೂರನೆಯದು ಸ್ಪ್ರೇ ಡ್ರೈಯರ್, ದ್ರಾವಣವನ್ನು ಬಿಸಿ ಅನಿಲದಲ್ಲಿ ಸಿಂಪಡಿಸಿ ಒಣಗಿಸುವ ಯಂತ್ರ. ಅದರಲ್ಲಿ ಬರೀ ಇಂಡೊಮೆಥಾಸಿನ್ ಒಣಗಿಸುವ ಆಸೆ ಬೇಡ. ಹೊರಹೋಗುವ ಗಾಳಿಯ ಬಿಸಿ 42 ದಾಟಿದರೆ ಕಣಗಳು ಪುಡಿ ಹಿಡಿಯುವ ಸೈಕ್ಲೋನ್‌ನ ಗೋಡೆಗೆ ಅಂಟುತ್ತವೆ. 1.4 ಗ್ರಾಂ ಔಷಧ, 0.6 ಗ್ರಾಂ ಪಿವಿಪಿ ಕೆ30 (ಒಂದು ಪಾಲಿಮರ್) ಎರಡನ್ನೂ 100 ಮಿಲಿಲೀಟರ್ ಎಥನಾಲ್‌ನಲ್ಲಿ ಕರಗಿಸಿ. ಅಸಿಟೋನ್ ಆಗದು, ಅದರಲ್ಲಿ ಪಿವಿಪಿ ಕರಗುವುದಿಲ್ಲ. ಈ ಪ್ರಮಾಣಕ್ಕೆ ಫಾಕ್ಸ್ ಸಮೀಕರಣದ ಲೆಕ್ಕದಲ್ಲಿ ಟಿಜಿ ಸುಮಾರು 70 ಡಿಗ್ರಿ. ಎಥನಾಲ್ ಆವಿ ಹೊತ್ತಿಕೊಳ್ಳುವುದರಿಂದ ನೈಟ್ರೋಜನ್ ತುಂಬಿದ ಮುಚ್ಚಿದ ವ್ಯವಸ್ಥೆಯಲ್ಲಷ್ಟೇ ನಡೆಸಿ. ಉಳಿದ ಎಥನಾಲ್ ಕೂಡ ನೀರಿನ ಹಾಗೆ ಗಾಜನ್ನು ಮೆತ್ತಗೆ ಮಾಡುತ್ತದೆ, ಹಾಗಾಗಿ 30 ಡಿಗ್ರಿಯಲ್ಲಿ 24 ಗಂಟೆ ವ್ಯಾಕ್ಯೂಮ್‌ನಲ್ಲಿ ಒಣಗಿಸಿ, ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಅಳೆಯಿರಿ. ಔಷಧ ನಿಯಮಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್ ಇಟ್ಟ ಮಿತಿ 5000 ಪಿಪಿಎಂ. ಪಿವಿಪಿ ಹರಳಾಗುವುದನ್ನು ತಡೆಯುತ್ತದೆ ನಿಜ, ಆದರೆ ಅದು ಗಾಳಿಯ ತೇವವನ್ನೂ ಎಳೆಯುತ್ತದೆ.

ಮೂರನ್ನೂ ಹೋಲಿಸಲು, ಬಿಸಿ ಮಾಡುತ್ತಾ ಶಾಖದ ಏರಿಳಿತ ಅಳೆಯುವ ಡಿಎಸ್‌ಸಿಯೇ ಹೆಚ್ಚು ಮಾತಾಡುತ್ತದೆ: 5 ಮಿಲಿಗ್ರಾಂ, ನಿಮಿಷಕ್ಕೆ 10 ಡಿಗ್ರಿಯಂತೆ 0ಯಿಂದ 180ರವರೆಗೆ. ಟಿಜಿಯ ಮೆಟ್ಟಿಲಿನ ನಂತರ ಹರಳುಗಟ್ಟುವ ಶಿಖರ ಎಷ್ಟು ಬೇಗ ಬಂತು ನೋಡಿ. ಬೇಗ ಬಂದರೆ ಬೀಜಗಳಿವೆ ಎಂಬ ಅನುಮಾನ ಸರಿ. ಕೊನೆಯಲ್ಲಿ 155ರಲ್ಲಿ ಕರಗಿದರೆ ಆಲ್ಫಾ, 161ರಲ್ಲಾದರೆ ಗಾಮಾ. ನೀರಿನಲ್ಲಿ ಕರಗುವಿಕೆಯ ಪರೀಕ್ಷೆಯಲ್ಲೂ ಎಚ್ಚರ ಬೇಕು. ಗಾಜಿನ ರೂಪ ಹರಳಿಗಿಂತ ಎಷ್ಟು ಹೆಚ್ಚು ಕರಗುತ್ತದೆ ಎಂಬ ಸಿದ್ಧಾಂತದ ಲೆಕ್ಕ ಹತ್ತಾರು ಪಟ್ಟು ಎಂದರೂ ಪ್ರಯೋಗದಲ್ಲಿ ಸಿಗುವುದು ನಾಲ್ಕೈದು ಪಟ್ಟು, ಏಕೆಂದರೆ ನೀರು ತಾಗಿದೊಡನೆ ಪುಡಿಯ ಮೇಲ್ಮೈ ಹರಳಾಗಲು ಶುರುವಾಗುತ್ತದೆ.

ಶೇಖರಣೆಗೆ ಟಿಜಿಗಿಂತ 50 ಡಿಗ್ರಿ ಕೆಳಗೆ ಎಂಬ ಅಂದಾಜು ಸೂತ್ರವಿದೆ. ಶುದ್ಧ ಔಷಧಕ್ಕೆ ಅದು ಮೈನಸ್ 8, ಫ್ರಿಜ್ ಸಾಲದು. ಮೈನಸ್ 20ರಲ್ಲಿ ಸಿಲಿಕಾ ಜೆಲ್ ಜೊತೆ ಬಿಗಿಯಾಗಿ ಮುಚ್ಚಿಡಿ, ಶೀಷೆ ಕೋಣೆಯ ತಾಪಕ್ಕೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಿರಿ. ಚೀಟಿಯಲ್ಲಿ ವಿಧಾನ, ಜರಡಿಯ ಗಾತ್ರ, ತಯಾರಿಸಿದ ದಿನಾಂಕ ಮೂರನ್ನೂ ಬರೆಯಿರಿ.