ನಲವತ್ತೈದು ದಾಟಿದವರಿಗೆ ರಾಕ್ ಶೋ: ಟಿಕೆಟ್ಟಿನಿಂದ ಮರುದಿನದ ಕಿವಿಯವರೆಗೆ

2007ರ ಮಾರ್ಚ್ 17ರಂದು ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಕಾಲೇಜಿನಲ್ಲಿದ್ದವರಿಗೆ ಈಗ ನಲವತ್ತರ ಆಸುಪಾಸು. 2003ರಲ್ಲಿ ಅದೇ ಊರಿನಲ್ಲಿ ರೋಲಿಂಗ್ ಸ್ಟೋನ್ಸ್ ನೋಡಿದವರಲ್ಲಿ ಕೆಲವರಿಗೆ ಮೊಮ್ಮಕ್ಕಳೂ ಇದ್ದಾರು. ಬ್ಯಾಂಡುಗಳಿಗೂ ವಯಸ್ಸಾಗಿದೆ, ಆದರೆ ಮೈದಾನದಲ್ಲಿ ನಿಂತವರ ವಯಸ್ಸು ಮಾತ್ರ ಅಲ್ಲೇ ಇದೆ: ಹದಿನೆಂಟರಿಂದ ಇಪ್ಪತ್ತೈದು. ಅವರ ನಡುವೆ ಹೋಗಿ ನಿಲ್ಲಲು ಮುಜುಗರವಾಗುತ್ತದೆ ಅನ್ನುವವರೇ ಹೆಚ್ಚು. ನಿಜವಾದ ತೊಂದರೆ ಅದಲ್ಲ. ಹುಡುಗರು ನಿಮ್ಮನ್ನು ಗಮನಿಸುವುದೇ ಇಲ್ಲ. ಸಂಜೆ ಕೆಡುವುದು ಕಿವಿ, ಮಂಡಿ, ಮೂತ್ರಕೋಶ ಈ ಮೂರರಿಂದ. ಮೂರಕ್ಕೂ ಮದ್ದಿನ ದೊಡ್ಡ ಪಾಲು ಒಂದೇ ಕಡೆ ಇದೆ: ನೀವು ಎಲ್ಲಿ ನಿಲ್ಲುತ್ತೀರಿ ಅನ್ನುವುದರಲ್ಲಿ.

ಟಿಕೆಟ್ ಕೊಳ್ಳುವಾಗಲೇ ಅರ್ಧ ತೀರ್ಮಾನ

ಬಯಲು ಶೋಗಳಲ್ಲಿ ಸಾಮಾನ್ಯವಾಗಿ ವೇದಿಕೆಗೆ ಅಂಟಿಕೊಂಡಂತೆ ಫ್ಯಾನ್ ಪಿಟ್, ಅದರ ಹಿಂದೆ ಜನರಲ್, ಪಕ್ಕದಲ್ಲೋ ಹಿಂದೆಯೋ ಎತ್ತರದ ಕಟ್ಟೆಯ ಮೇಲೆ ವಿಐಪಿ ಇರುತ್ತದೆ. ದುಬಾರಿ ಟಿಕೆಟ್ ಎಂದರೆ ಆರಾಮ ಎಂದುಕೊಂಡು ಫ್ಯಾನ್ ಪಿಟ್ ಕೊಳ್ಳುವವರು ಮೋಸಹೋಗುತ್ತಾರೆ. ಅಲ್ಲಿ ಕುರ್ಚಿ ಇಲ್ಲ, ನೆರಳಿಲ್ಲ, ಶೌಚಾಲಯ ದೂರ. ಒಮ್ಮೆ ಆಚೆ ಬಂದರೆ ಹಿಡಿದ ಜಾಗ ಹೋಯಿತು. ಐದೂಕಾಲು ಅಡಿಗಿಂತ ಕಡಿಮೆ ಎತ್ತರದವರಿಗೆ ಅಲ್ಲಿಂದ ಕಾಣುವುದು ಮುಂದಿನವರ ಮೊಬೈಲಿನ ಬೆನ್ನು. ಮಂಡಿ ನೋವಿದ್ದವರು ಕೂರುವ ವ್ಯವಸ್ಥೆ ಇರುವ ಟಿಕೆಟ್ಟನ್ನೇ ಕೊಳ್ಳಿ. ‘ವಿಐಪಿ’ ಎಂದು ಬರೆದಿದ್ದರೂ ಕುರ್ಚಿ ಇದೆಯೇ ಎಂದು ಆಯೋಜಕರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಎಷ್ಟೋ ಕಡೆ ಅದೂ ನಿಲ್ಲುವ ಜಾಗವೇ. ಮಿಕ್ಕವರಿಗೆ ನಮ್ಮ ಸಲಹೆ ಜನರಲ್. ಯಾಕೆ ಎಂಬುದು ಮುಂದೆ.

ಎರಡು ವಾರ ಮೊದಲು

ಪೂರ್ತಿ ಶೋ ಎಂದರೆ ನಾಲ್ಕರಿಂದ ಐದು ಗಂಟೆ ನಿಲ್ಲುವ ಕೆಲಸ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಹಲ್ಲುಜ್ಜುವಾಗ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ. ನಿಂತಲ್ಲೇ ನಿಂತರೆ ರಕ್ತ ಕಾಲಿನಲ್ಲಿ ಇಳಿದು ನಿಲ್ಲುತ್ತದೆ. ಅದನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡದ ಸ್ನಾಯು. ಸೆಖೆಯಲ್ಲಿ ಅಲುಗಾಡದೆ ನಿಂತವರು ಧೊಪ್ಪನೆ ಬೀಳುವುದು ಬಹಳ ಸಲ ಇದೇ ಕಾರಣಕ್ಕೆ.

ನೀವು ನೋಡಲಿರುವ ಬ್ಯಾಂಡು ಈ ಪ್ರವಾಸದಲ್ಲಿ ಹಿಂದಿನ ಊರುಗಳಲ್ಲಿ ಯಾವ ಹಾಡನ್ನು ಯಾವ ಸರದಿಯಲ್ಲಿ ಹಾಡಿತು ಎಂಬ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಕೆಲವರಿಗೆ ಇದು ಸಿನಿಮಾದ ಕೊನೆಯನ್ನು ಮೊದಲೇ ಕೇಳಿದಂತೆ. ಆದರೂ ನೋಡಿಕೊಳ್ಳಿ. ಪಟ್ಟಿಯ ನಡುವೆ ನಿಮಗೆ ಬೇಡವಾದ ಹೊಸ ಹಾಡು ಎಲ್ಲಿದೆ, ಡ್ರಮ್ಮಿನವನೊಬ್ಬನೇ ಬಾರಿಸುವ ಉದ್ದನೆಯ ಸೋಲೋ ಎಲ್ಲಿದೆ ಎಂದು ಗುರುತು ಹಾಕಿ. ಶೌಚಾಲಯಕ್ಕೆ ಹೋಗುವ ಹೊತ್ತು ಅದು. ಎಲ್ಲರಿಗೂ ಗೊತ್ತಿರುವ ನಿಧಾನದ ಹಾಡಿನ ಹೊತ್ತಿಗೆ ಹೋದರೆ ಅಲ್ಲಿ ಸಾಲು ಇರುವುದಿಲ್ಲ ನಿಜ, ಆದರೆ ನೀವು ಬಂದದ್ದೇ ಆ ಹಾಡಿಗೆ ಇರಬಹುದು!

ಜೇಬಿನಲ್ಲಿ ಏನು

ಚೀಲ ಬೇಡ. ತಂದರೂ ಎ4 ಹಾಳೆಗಿಂತ ಚಿಕ್ಕದಿರಲಿ, ಹೆಚ್ಚಿನ ಶೋಗಳಲ್ಲಿ ಅದಕ್ಕಿಂತ ದೊಡ್ಡದನ್ನು ಬಿಡುವುದಿಲ್ಲ. ನೀರಿನ ಬಾಟಲಿ, ಕೊಡೆ, ಸೆಂಟಿನ ಸೀಸೆ, ಲೈಟರ್ ಗೇಟಿನಲ್ಲೇ ಕಸದ ಡಬ್ಬಕ್ಕೆ ಹೋಗುತ್ತವೆ. ಪವರ್ ಬ್ಯಾಂಕಿಗೆ ಒಂದೊಂದು ಶೋನಲ್ಲಿ ಒಂದೊಂದು ನಿಯಮ. ಮಳೆಗೆ ಮಡಚಿ ಜೇಬಿಗೆ ಹಾಕುವ ತೆಳು ರೇನ್‌ಕೋಟ್ ತನ್ನಿ. ಮಾತ್ರೆಗಳನ್ನು ಬಿಡಿಯಾಗಿ ಪೊಟ್ಟಣ ಕಟ್ಟಬೇಡಿ. ಹೆಸರು ಓದುವಂತಿರುವ ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿಯ ಫೋಟೊ. ಇನ್ಸುಲಿನ್ ಸೂಜಿ ಇದ್ದರೆ ಚೀಟಿಯ ಕಾಗದವೇ ಬೇಕು. ಸಕ್ಕರೆ ಕಾಯಿಲೆಯವರಿಗೆ ನಾಲ್ಕು ಗ್ಲೂಕೋಸ್ ಮಾತ್ರೆ ಅಥವಾ ಒಂದು ಹಿಡಿ ಪೆಪ್ಪರ್‌ಮಿಂಟು, ಕೈಗೆ ತಕ್ಷಣ ಸಿಗುವ ಜೇಬಿನಲ್ಲಿ. ಪೇಸ್‌ಮೇಕರ್ ಇದ್ದವರು ಅದರ ಕಾರ್ಡ್ ತೋರಿಸಿ ಕೈಯಲ್ಲೇ ತಪಾಸಣೆ ಮಾಡಿ ಎಂದು ಕೇಳಿ. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವವರು ವೈದ್ಯರನ್ನು ಕೇಳದೆ ಟಿಕೆಟ್ ಕೊಳ್ಳಬೇಡಿ.

ಕಾಲಿಗೆ ಬೆರಳು ಮುಚ್ಚುವ, ಈಗಾಗಲೇ ಮೆತ್ತಗಾದ ಶೂ. ಚಪ್ಪಲಿ ಹಾಕಿ ಹೋದರೆ ಯಾರದೋ ಬೂಟು ನಿಮ್ಮ ಹೆಬ್ಬೆರಳ ಮೇಲೆ ಬರುವುದು ಖಚಿತ. ಮೇಲೆ ಕಪ್ಪು ಟೀ ಶರ್ಟ್ ಸಾಕು. ಹಾಡುವ ಬ್ಯಾಂಡಿನದೇ ಟೀ ಶರ್ಟ್ ಹಾಕಬಾರದು ಎಂಬ ಮಡಿ ಕೆಲವು ಹುಡುಗರಿಗಿದೆ, ಅದಕ್ಕೆ ಕಿವಿಗೊಡಬೇಕಿಲ್ಲ. ಇಪ್ಪತ್ತು ವರ್ಷ ಹಳೆಯ, ಮಾಸಿದ ಪ್ರವಾಸದ ಟೀ ಶರ್ಟ್ ಬೀರುವಿನಲ್ಲಿದ್ದು ಇನ್ನೂ ಹಿಡಿಸಿದರೆ ಮಾತ್ರ ಅದನ್ನೇ ಹಾಕಿ. ಸಾಲಿನಲ್ಲಿ ನಿಂತಾಗ ಹುಡುಗರು ತಾವಾಗಿ ಮಾತಿಗೆ ಬರುತ್ತಾರೆ.

ಕಿವಿ

ಇದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮರೆತರೂ ನಡೆದೀತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೂ ಹೊತ್ತು ಅರ್ಧಕ್ಕಿಳಿಯುತ್ತದೆ. ಹಾಗಾಗಿ 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ರಾಕ್ ಶೋನಲ್ಲಿ 100 ದಾಟುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಜಾಗಗಳಿಗೆ 2022ರಲ್ಲಿ ಹೇಳಿದ ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬೆಲ್. ವಯಸ್ಸಿನ ಜೊತೆಗೆ ಮೊದಲು ಕುಂದುವುದು ಏರುಸ್ಥಾಯಿಯ ಸದ್ದುಗಳನ್ನು ಕೇಳುವ ಶಕ್ತಿ. ಅಲ್ಲಿ ಈಗಾಗಲೇ ಸ್ವಲ್ಪ ಹೋಗಿರುವಾಗ ಇರುವುದನ್ನು ಉಳಿಸಿಕೊಳ್ಳಬೇಕು.

ಹತ್ತಿ ಏನೂ ಪ್ರಯೋಜನವಿಲ್ಲ. ಔಷಧ ಅಂಗಡಿಯ ಫೋಮ್ ಇಯರ್‌ಪ್ಲಗ್ ಚೆನ್ನಾಗಿ ತಡೆಯುತ್ತದೆ, ಆದರೆ ಏರುಸ್ಥಾಯಿಯನ್ನು ಹೆಚ್ಚು ನುಂಗಿ ಹಾಡನ್ನು ಕಂಬಳಿ ಹೊದೆಸಿದಂತೆ ಮಾಡುತ್ತದೆ. ಸಂಗೀತಕ್ಕೆಂದೇ ಮಾಡಿದ ಸಿಲಿಕೋನ್ ಪ್ಲಗ್ಗುಗಳು ಸುಮಾರು 15ರಿಂದ 20 ಡೆಸಿಬೆಲ್ಲನ್ನು ಎಲ್ಲ ಸ್ಥಾಯಿಯಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತವೆ. ಗಾಯಕನ ಮಾತು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಫೋಮ್ ಹಾಕುವ ಕ್ರಮವನ್ನು ಬಹುತೇಕರು ತಪ್ಪು ಮಾಡುತ್ತಾರೆ. ಸುಮ್ಮನೆ ಒತ್ತಿದರೆ ಅರ್ಧ ಹೊರಗೇ ಉಳಿದು, ಡಬ್ಬಿಯ ಮೇಲೆ ಬರೆದ ಅಂಕಿಯ ಅರ್ಧದಷ್ಟೂ ತಡೆಯುವುದಿಲ್ಲ. ಒಣಗಿದ, ಶುಚಿಯಾದ ಬೆರಳಿನಲ್ಲಿ ಅದನ್ನು ಹೊಸೆಯಿರಿ, ಹೂಬತ್ತಿ ಹೊಸೆದಂತೆ, ಸುಕ್ಕಿಲ್ಲದೆ ತೆಳ್ಳಗಾಗುವವರೆಗೆ. ಎಡಗಿವಿಗಾದರೆ ಬಲಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಒಳಗಿನ ಡೊಂಕು ದಾರಿ ನೇರವಾಗುತ್ತದೆ. ಎಡಗೈಯಿಂದ ಪ್ಲಗ್ ತೂರಿಸಿ, ಅದು ಒಳಗೆ ಉಬ್ಬುವವರೆಗೆ, ಸುಮಾರು 30 ಸೆಕೆಂಡು, ಬೆರಳ ತುದಿಯಲ್ಲಿ ಅದುಮಿ ಹಿಡಿಯಿರಿ. ಎದುರಿನಿಂದ ನೋಡಿದವರಿಗೆ ಪ್ಲಗ್ ಕಾಣಬಾರದು. ನಿಮ್ಮ ದನಿ ನಿಮಗೇ ಬಾವಿಯೊಳಗಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ. ಮನೆಯಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿ. ಮೊದಲ ಬ್ಯಾಂಡು ಶುರುವಾಗುವ ಮೊದಲೇ ಹಾಕಿ, ನಡುವೆ ‘ಒಂದು ಹಾಡು ಮಾತ್ರ’ ಎಂದು ತೆಗೆಯಬೇಡಿ. ಎರಡು ಜೊತೆ ಇರಲಿ, ಒಂದು ಕೆಸರಿಗೆ ಬಿದ್ದೇ ಬೀಳುತ್ತದೆ.

ಆ ದಿನ

ಹೊರಡುವ ಎರಡು ಗಂಟೆ ಮೊದಲು ಅರ್ಧ ಲೀಟರ್ ನೀರು. ಆಮೇಲೆ ಕಾಫಿ, ಟೀ ಬೇಡ. ಮೈದಾನದಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಲೋಟದಷ್ಟು, ಗುಟುಕು ಗುಟುಕಾಗಿ. ಶೌಚಾಲಯದ ಭಯಕ್ಕೆ ನೀರು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ತಲೆಸುತ್ತಿಗೆ ಅದೇ ಹೆಬ್ಬಾಗಿಲು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿ ಬಿಡಬೇಡಿ, ಯಾವ ಹೊತ್ತಿಗೆ ತೆಗೆದುಕೊಳ್ಳಬಹುದು ಎಂದು ವೈದ್ಯರನ್ನು ಕೇಳಿ. ಊಟ ಮಾಮೂಲಿನದೇ ಇರಲಿ, ಅನ್ನ-ಸಾರೋ ಚಪಾತಿಯೋ. ಒಳಗಿನ ಸ್ಟಾಲಿನ ಬೆಲೆಯೂ ಸಾಲೂ ಎರಡೂ ದೊಡ್ಡವು.

ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ, ಸರ್ಕಾರ ಕೆಲವೇ ದಿನಗಳಿಗೆ ಕೊಡುವ ವಿನಾಯಿತಿ ಬಿಟ್ಟರೆ. ಹಾಗಾಗಿ ಮುಖ್ಯ ಬ್ಯಾಂಡು ಎಂಟರ ಸುಮಾರಿಗೇ ಹತ್ತುತ್ತದೆ. ಹೊರದೇಶದ ಲೆಕ್ಕದಲ್ಲಿ ತಡವಾಗಿ ಹೋದರೆ ಅರ್ಧ ಶೋ ತಪ್ಪುತ್ತದೆ. ಮೊದಲು ನುಡಿಸುವ ಊರಿನ ಬ್ಯಾಂಡುಗಳನ್ನು ಕೇಳುವುದಕ್ಕಾದರೂ ಬೇಗ ಹೋಗಿ, ಅವರ ಹೊತ್ತಿನಲ್ಲಿ ಮೈದಾನ ಖಾಲಿ. ಒಳಗೆ ಹೋದ ಕೂಡಲೇ ನಾಲ್ಕು ಕಡೆ ನೋಡಿಕೊಳ್ಳಿ: ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಡೇರೆ, ಬಂದ ಗೇಟು ಬಿಟ್ಟು ಇನ್ನೊಂದು ಹೊರದಾರಿ. ಜೊತೆಯವರು ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಆಗಲೇ ಹೇಳಿಕೊಳ್ಳಿ. ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತುಬಿದ್ದಾಗ ಕರೆ ಹೋಗುವುದಿಲ್ಲ.

ಎಲ್ಲಿ ನಿಲ್ಲಬೇಕು

ಜನರಲ್ ಟಿಕೆಟ್ ಕೊಳ್ಳಿ ಎಂದದ್ದು ಇದಕ್ಕೇ: ಮೈದಾನದ ನಡುವೆ, ವೇದಿಕೆಗೆ ನೇರ ಎದುರಾಗಿ, ಕಬ್ಬಿಣದ ಬೇಲಿ ಹಾಕಿದ ಒಂದು ಡೇರೆ ಇರುತ್ತದೆ. ಸೌಂಡ್ ಎಂಜಿನಿಯರ್ ಎಲ್ಲ ವಾದ್ಯಗಳ ಸದ್ದು ಬೆರೆಸುವ ತನ್ನ ಮಿಕ್ಸರ್ ಇಟ್ಟುಕೊಂಡು ಕೂರುವ ಜಾಗ ಅದು. ಅವನು ತನ್ನ ಕಿವಿಗೆ ಸರಿಬರುವಂತೆ ಸದ್ದು ಹದ ಮಾಡುತ್ತಾನೆ, ಆದ್ದರಿಂದ ಅವನ ಸುತ್ತಮುತ್ತ ಕೇಳಿದ್ದೇ ಆ ರಾತ್ರಿಯ ಒಳ್ಳೆಯ ಸದ್ದು. ಡೇರೆಯ ಮುಂದೆ ನಿಂತರೆ ಹಿಂದಿನಿಂದ ಯಾರೂ ತಳ್ಳುವುದಿಲ್ಲ, ಬೇಲಿಗೆ ಬೆನ್ನು ಕೊಟ್ಟು ಮಂಡಿಗೆ ಬಿಡುವು ಕೊಡಬಹುದು. ಆದರೆ ಜನ ಮುಂದಿನಿಂದ ಹಿಂದಕ್ಕೆ ಒತ್ತಿ ಬಂದರೆ ಅದೇ ಬೇಲಿ ಗೋಡೆಯಾಗುತ್ತದೆ. ಅದಕ್ಕೇ ನಡುಮಧ್ಯ ಬಿಟ್ಟು ಡೇರೆಯ ಮೂಲೆ ಹಿಡಿಯಿರಿ. ಮೂಲೆಯಿಂದ ಪಕ್ಕಕ್ಕೆ ಸರಿಯಲು ದಾರಿ ಇರುತ್ತದೆ. ವೇದಿಕೆಯ ಬುಡದಲ್ಲಿ ಸಾಲಾಗಿಟ್ಟ ಸಬ್‌ವೂಫರ್‌ಗಳ, ಅಂದರೆ ತಗ್ಗುಸ್ಥಾಯಿಯ ದೊಡ್ಡ ಸ್ಪೀಕರುಗಳ, ಮುಂದೆ ಮಾತ್ರ ಬೇಡ, ಅಲ್ಲಿ ಎದೆಯೊಳಗೆ ಗುದ್ದಿದಂತಾಗುವುದೇ ಹೊರತು ಹಾಡು ಕೇಳುವುದಿಲ್ಲ.

ಹಿಂದಿನಿಂದ ‘ಅಂಕಲ್, ಸ್ವಲ್ಪ ಸೈಡ್ ಕೊಡಿ’ ಎಂದರೆ ಬೇಸರ ಬೇಡ, ಬಿಎಂಟಿಸಿ ಬಸ್ಸಿನಲ್ಲೂ ಹಾಗೇ ಅನ್ನುತ್ತಾರೆ. ಮಾತಿಗೆ ಸಿಕ್ಕ ಹುಡುಗರಿಗೆ ‘ನಮ್ಮ ಕಾಲದಲ್ಲಿ...’ ಎಂದು ಶುರು ಮಾಡಬೇಡಿ. ಅವರೇ ಕೇಳಿದರೆ ಧಾರಾಳವಾಗಿ ಹೇಳಿ.

ಪಿಟ್, ನೂಕುನುಗ್ಗಲು

ಜೋರು ಹಾಡು ಬಂದಾಗ ಗುಂಪಿನ ನಡುವೆ ಇದ್ದಕ್ಕಿದ್ದಂತೆ ದುಂಡಗೆ ಖಾಲಿ ಜಾಗ ತೆರೆದುಕೊಂಡರೆ ಅದೇ ಮಾಷ್ ಪಿಟ್. ಒಳಗೆ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಜಗಳವಲ್ಲ ಅದು, ಕಟ್ಟುಪಾಡಿದೆ: ಬಿದ್ದವನನ್ನು ಹತ್ತಿರದವರು ತಕ್ಷಣ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸುತ್ತಾರೆ, ಬಿದ್ದ ಕನ್ನಡಕವನ್ನೋ ಶೂವನ್ನೋ ಯಾರೋ ಮೇಲೆತ್ತಿ ಹಿಡಿದು ತೋರಿಸುತ್ತಾರೆ. ನೋಡುವ ಆಸೆಯಿದ್ದರೆ ಅಂಚಿನಿಂದ ಎರಡು ಮೂರು ಸಾಲು ಹಿಂದೆ ನಿಲ್ಲಿ. ಅಂಚಿನಲ್ಲೇ ಸಿಕ್ಕಿಬಿದ್ದರೆ ಒಂದು ಕಾಲು ಹಿಂದಿಟ್ಟು, ಮಂಡಿ ಸಡಿಲಿಸಿ, ಮುಂಗೈಗಳನ್ನು ಎದೆಯ ಮುಂದೆ ಇಟ್ಟುಕೊಳ್ಳಿ. ಪಿಟ್ಟಿಗೆ ಬೆನ್ನು ತಿರುಗಿಸಬೇಡಿ. ಜನ ಎರಡು ಪಾಲಾಗಿ ನಡುವೆ ಓಣಿ ಬಿಟ್ಟು ಎದುರುಬದುರು ನಿಂತರೆ ಇಬ್ಬದಿಯವರೂ ಓಡಿಬಂದು ಗುದ್ದಿಕೊಳ್ಳಲಿದ್ದಾರೆ ಎಂದರ್ಥ, ಪಕ್ಕಕ್ಕೆ ಸರಿಯಿರಿ.

ತಲೆ ಆಡಿಸುವುದರ ಬಗ್ಗೆಯೂ ಲೆಕ್ಕವಿದೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಲೇಖನದ ಪ್ರಕಾರ, ನಿಮಿಷಕ್ಕೆ 146 ತಾಳದ ಹಾಡಿಗೆ ತಲೆಯನ್ನು 75 ಡಿಗ್ರಿಗಿಂತ ಹೆಚ್ಚು ಬೀಸಿದರೆ ತಲೆನೋವು, ತಲೆಸುತ್ತು ಬರಬಹುದು. ಕತ್ತಿನ ಡಿಸ್ಕು ಸವೆದವರು ಸೊಂಟದಿಂದ ಮೇಲನ್ನು ತೂಗಿದರೆ ಸಾಕು.

ಪಿಟ್ಟಿಗಿಂತ ಅಪಾಯದ್ದು ಒತ್ತೊತ್ತಾಗಿ ಅಲುಗಾಡದೆ ನಿಂತ ಜನ. ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ 2000ದಲ್ಲಿ 9 ಮಂದಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ 2021ರಲ್ಲಿ 10 ಮಂದಿ ಸತ್ತದ್ದು ಇಂಥ ಒತ್ತಡದಲ್ಲಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 2025ರ ಜೂನ್ 4ರಂದು 11 ಮಂದಿ ಸತ್ತರು. ಎದೆ ಒತ್ತಿಹೋದರೆ ಉಸಿರು ಕಟ್ಟುತ್ತದೆ, ಕಾಲ್ತುಳಿತಕ್ಕೆ ಸಿಗಬೇಕೆಂದೇನಿಲ್ಲ. ಗುರುತು ಹೀಗೆ: ಎರಡೂ ಭುಜಕ್ಕೆ ಜನ ತಾಗಿ, ಕೈಯೆತ್ತಿ ಮುಖ ಮುಟ್ಟಿಕೊಳ್ಳಲು ಕಷ್ಟವಾದರೆ ಆಗಲೇ ಹೊರಡಿ. ಗುಂಪು ನೀರಿನಲೆಯಂತೆ ನಿಮ್ಮನ್ನು ಹೊತ್ತೊಯ್ಯತೊಡಗಿದ್ದರೆ ತಡವಾಗಿದೆ. ಎದುರು ತಳ್ಳಬೇಡಿ. ಗುದ್ದಾಡುವವನಂತೆ ಕೈಗಳನ್ನು ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಮಾಡಿ. ಅಲೆ ಬಂದಾಗ ಅದರ ಜೊತೆ ಹೋಗಿ, ನಿಂತಾಗ ಓರೆಯಾಗಿ ಅಂಚಿನ ಕಡೆಗೆ ಒಂದೆರಡು ಹೆಜ್ಜೆ. ಕೆಳಗೆ ಬಿದ್ದ ಫೋನಿಗೆ ಬಗ್ಗಬೇಡಿ. ಕೂಗಾಡಿ ಉಸಿರು ಕಳೆಯಬೇಡಿ.

ಮನೆಗೆ

ಕೊನೆಯ ಹಾಡು ಮುಗಿದ ಕೂಡಲೇ ಗೇಟಿಗೆ ಧಾವಿಸಬೇಡಿ. ಇಪ್ಪತ್ತು ನಿಮಿಷ ಮೈದಾನದಲ್ಲೇ ನಿಂತು ನೀರು ಕುಡಿಯಿರಿ. ಕೊನೆಯ ಮೆಟ್ರೋ ಹಿಡಿಯಲೇಬೇಕಿದ್ದರೆ ಮಾತ್ರ ಎರಡು ಹಾಡು ಮೊದಲೇ ಹೊರಡಿ, ಅಂದಿನ ಕೊನೆಯ ರೈಲಿನ ಹೊತ್ತನ್ನು ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. ತುಮಕೂರು ರಸ್ತೆಯ ಮಾದಾವರದ ಬಯಲುಗಳಲ್ಲಿ ಶೋ ಇದ್ದರೆ ಹಸಿರು ಮಾರ್ಗದ ಮಾದಾವರ ನಿಲ್ದಾಣವಿದೆ. ಮೆಟ್ರೋ ಕಾರ್ಡಿಗೆ ಮೊದಲೇ ದುಡ್ಡು ತುಂಬಿಸಿ, ಇಲ್ಲವಾದರೆ ರಾತ್ರಿ ಟಿಕೆಟ್ಟಿನ ಸಾಲಿನಲ್ಲಿ ಇಡೀ ಮೈದಾನವೇ ನಿಮ್ಮ ಮುಂದಿರುತ್ತದೆ. ಕ್ಯಾಬ್ ಬೇಕಾದವರು ಗೇಟಿನಿಂದ ಒಂದು ಕಿಲೋಮೀಟರ್ ನಡೆದು, ಹಿಂದಕ್ಕೆ ತಿರುಗದೆ ಹೋಗಬಹುದಾದ ದಿಕ್ಕಿನ ರಸ್ತೆಯಲ್ಲಿ ಕರೆಯಿರಿ.

ಮಲಗುವ ಮುನ್ನ ಕಾಲನ್ನು ಗೋಡೆಗೆ ಆನಿಸಿ ಹತ್ತು ನಿಮಿಷ. ಬೆಳಗ್ಗೆ ಕಿವಿ ಗುಂಯ್ ಎನ್ನುತ್ತಿದ್ದರೆ ಅಂದು ಇಯರ್‌ಫೋನ್ ಮುಟ್ಟಬೇಡಿ, ಗದ್ದಲದ ಜಾಗಕ್ಕೆ ಹೋಗಬೇಡಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಎರಡು ದಿನವಾದರೂ ಇಳಿಯದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ ಎರಡು ದಿನ ಕಾಯುವ ಮಾತೇ ಇಲ್ಲ, ಅಂದೇ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು.