‘ಸ್ಪೈಡರ್-ಮ್ಯಾನ್ 2’ ಚಿತ್ರದ ಪೋಷಕ ಪಾತ್ರಗಳ ಜಮಾ-ಖರ್ಚು: ನಾನು ಲೆಕ್ಕ ಬರೆಯುವ ಬಗೆ

‘ಪೋಷಕ ಪಾತ್ರ’ ಅನ್ನುವ ಮಾತನ್ನು ನಾವು ಎಷ್ಟು ಬಳಸಿದ್ದೇವೆ ಅಂದರೆ, ಅದರೊಳಗೆ ಪೋಷಿಸುವ ಕೆಲಸ ಇದೆ ಅನ್ನುವುದೇ ಮರೆತುಹೋಗಿದೆ. ಸೂಪರ್‌ಹೀರೋ ಚಿತ್ರದ ಎರಡನೇ ಭಾಗದ ಬಗ್ಗೆ ಅಭಿಪ್ರಾಯ ಬರೆಯುವಾಗ ನಾನು ಆ ಕೆಲಸದಿಂದಲೇ ಶುರು ಮಾಡುತ್ತೇನೆ. ಈ ಪಾತ್ರ ನಾಯಕನಿಗೆ ಏನು ಕೊಟ್ಟಿತು, ಅವನಿಂದ ಏನು ತೆಗೆದುಕೊಂಡಿತು? ಎರಡಕ್ಕೂ ಉತ್ತರ ಸಿಗದಿದ್ದರೆ ಆ ಪಾತ್ರ ಪರದೆ ತುಂಬಿಸಲು ಬಂದದ್ದು ಎಂದೇ ನನ್ನ ತೀರ್ಮಾನ.

ಎರಡನೇ ಭಾಗವನ್ನೇ ಆರಿಸಲು ಕಾರಣವಿದೆ. ಮೊದಲ ಭಾಗದ ಹೆಚ್ಚಿನ ಸಮಯ ಶಕ್ತಿ ಬಂದದ್ದು ಹೇಗೆ, ಬಟ್ಟೆ ಹೊಲಿದದ್ದು ಹೇಗೆ ಅನ್ನುವುದಕ್ಕೇ ಹೋಗುತ್ತದೆ. ಎರಡನೆಯದರಲ್ಲಿ ಆ ಹೊರೆ ಇಲ್ಲ. ಬಿಡುವಾದ ಜಾಗವನ್ನು ಸುತ್ತಲಿನ ಜನರಿಗೆ ಕೊಡುತ್ತಾರೋ, ಇನ್ನಷ್ಟು ಖಳರಿಗೆ ಕೊಡುತ್ತಾರೋ ಅನ್ನುವುದರ ಮೇಲೆ ಚಿತ್ರದ ಹಣೆಬರಹ ನಿಂತಿರುತ್ತದೆ. ಸ್ಯಾಮ್ ರೈಮಿ ನಿರ್ದೇಶನದ 2004ರ ‘ಸ್ಪೈಡರ್-ಮ್ಯಾನ್ 2’ ಆ ಜಾಗವನ್ನು ಜನರಿಗೆ ಕೊಟ್ಟಿತು. ಅದಕ್ಕೇ ಈ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ.

ಮೊದಲು ಯಾವ ಆವೃತ್ತಿ ಅಂತ ನೋಡಿಕೊಳ್ಳಬೇಕು. ಚಿತ್ರಮಂದಿರಕ್ಕೆ ಬಂದದ್ದು 127 ನಿಮಿಷದ್ದು. 2007ರಲ್ಲಿ ‘2.1’ ಅನ್ನುವ ಹೆಸರಲ್ಲಿ ಸುಮಾರು 8 ನಿಮಿಷ ಹೆಚ್ಚಿರುವ ಇನ್ನೊಂದು ಬಂತು. ಅದರಲ್ಲಿ ಕೆಲವು ದೃಶ್ಯಗಳು ಉದ್ದವಾಗಿವೆ, ಕೆಲವು ಬೇರೆಯಾಗಿಯೇ ಇವೆ. ಎರಡನ್ನೂ ಬೆರೆಸಿಕೊಂಡು ಬರೆದರೆ, ‘ಈ ಪಾತ್ರಕ್ಕೆ ಇನ್ನೊಂದು ದೃಶ್ಯ ಇತ್ತಲ್ಲ’ ಅಂತ ಓದುಗರು ಕೇಳಿದಾಗ ಉತ್ತರ ಇರುವುದಿಲ್ಲ. ಹಳೆಯ ಪಾಲ್ (PAL ಅನ್ನುವ ಟಿವಿ ಪದ್ಧತಿಯ) ಡಿವಿಡಿಯಲ್ಲಿ ನೋಡುವವರು ಇನ್ನೊಂದು ಗಮನಿಸಬೇಕು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಅದು 25ರ ವೇಗದಲ್ಲಿ ಓಡಿಸುತ್ತದೆ, ಹಾಗಾಗಿ 127 ನಿಮಿಷದ್ದು ಸುಮಾರು 122ಕ್ಕೇ ಮುಗಿಯುತ್ತದೆ. ಗುರುತು ಹಾಕಿದ ಸಮಯ ಇನ್ನೊಬ್ಬರದಕ್ಕೆ ಹೊಂದದಿದ್ದರೆ ಹೆಚ್ಚಾಗಿ ತಪ್ಪು ಇಲ್ಲಿರುತ್ತದೆ.

ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ನೋಡುತ್ತೇನೆ. ಮುಗಿದ ಕೂಡಲೇ ಹತ್ತು ನಿಮಿಷ, ನೆನಪಿನಿಂದ, ಯಾರ್‍ಯಾರು ಬಂದರು ಅಂತ ಪಟ್ಟಿ. ಹೆಸರು ಗೊತ್ತಿಲ್ಲದಿದ್ದರೆ ‘ಪಿಜ್ಜಾ ಅಂಗಡಿಯವನು’, ‘ಮನೆ ಮಾಲೀಕನ ಮಗಳು’, ‘ನಾಟಕದ ಬಾಗಿಲಲ್ಲಿ ತಡೆದವನು’ ಅಂತಲೇ ಬರೆಯುವುದು. ಈ ಪಟ್ಟಿಯನ್ನು ಆಮೇಲೆ ತಿದ್ದಬಾರದು. ಒಂದೇ ಒಂದು ಸಲ ಬಂದವರೂ ಇದರಲ್ಲಿ ನಿಂತಿದ್ದಾರೆ ಅಂದರೆ ಬರೆದವರು, ನಟಿಸಿದವರು ಇಬ್ಬರೂ ಗೆದ್ದಿದ್ದಾರೆ.

ಎರಡನೇ ಸಲ ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡಕ್ಕೆ ಹಿಡಿದು ಐದು ಗೆರೆ ಎಳೆಯುತ್ತೇನೆ: ಸಮಯ, ಯಾರು, ತೆಗೆದುಕೊಂಡದ್ದು, ಕೊಟ್ಟದ್ದು, ದೃಶ್ಯ ಯಾರ ಮುಖದ ಮೇಲೆ ಮುಗಿಯಿತು. ನಿಲ್ಲಿಸಿ ನಿಲ್ಲಿಸಿ ನೋಡುವುದರಿಂದ ಮೂರೂವರೆ ಗಂಟೆ ಬೇಕು. ಒಂದೇ ರಾತ್ರಿ ಮುಗಿಸಲು ಹೊರಟರೆ ಕೊನೆಯ ನಲವತ್ತು ನಿಮಿಷದ ಟಿಪ್ಪಣಿ ಬಡವಾಗುತ್ತದೆ. ಎರಡು ದಿನಕ್ಕೆ ಹಂಚಿಕೊಳ್ಳುವುದು ಲೇಸು.

ಈ ಚಿತ್ರದ ಮೊದಲ ಅರ್ಧ ಗಂಟೆಯ ಹಾಳೆ ನೋಡಿದರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. ಪಿಜ್ಜಾ ಅಂಗಡಿಯ ಅಜೀಜ್ (ಆಸಿಫ್ ಮಾಂಡ್ವಿ) 29 ನಿಮಿಷದೊಳಗೆ ತಲುಪಿಸುವ ಭರವಸೆ ಕೊಟ್ಟಿದ್ದಾನೆ, ಅದರಲ್ಲಿ ಬಹುಪಾಲು ಆಗಲೇ ಕಳೆದಿದೆ. ಎಂಟು ಪಿಜ್ಜಾ, 42 ಬೀದಿ, ಏಳೂವರೆ ನಿಮಿಷ. ಪೀಟರ್ (ಮುಖವಾಡದ ಹಿಂದಿನ ಸ್ಪೈಡರ್-ಮ್ಯಾನ್ ಇವನೇ) ತಡವಾಗಿ ತಲುಪುತ್ತಾನೆ, ಅಲ್ಲಿನ ಹೆಣ್ಣುಮಗಳು ಹಣ ಕೊಡುವುದಿಲ್ಲ, ಕೆಲಸ ಹೋಗುತ್ತದೆ. ಡೈಲಿ ಬ್ಯೂಗಲ್ ಪತ್ರಿಕೆಯಲ್ಲಿ ಚೌಕಾಸಿ ಮಾಡಿ ಒಂದು ಫೋಟೊವನ್ನು 300 ಡಾಲರಿಗೆ ಮಾರುತ್ತಾನೆ. ಬೆಟ್ಟಿ ಬ್ರ್ಯಾಂಟ್, ಹಿಂದೆ ಕೊಟ್ಟ ಮುಂಗಡಕ್ಕೇ ಇದು ಸಾಲದು ಅನ್ನುತ್ತಾಳೆ. ಕಾಲೇಜಿನಲ್ಲಿ ಡಾಕ್ಟರ್ ಕಾನರ್ಸ್ ತಡವಾಗಿ ಬರುವುದಕ್ಕೆ, ಅಂಕ ಇಳಿದಿರುವುದಕ್ಕೆ ಬುದ್ಧಿ ಹೇಳುತ್ತಾರೆ. ಹುಟ್ಟುಹಬ್ಬದ ದಿನ ಅವನನ್ನು ಸಾಕಿದ ಆಂಟ್ ಮೇ ತನ್ನ ಮನೆಯೇ ಬ್ಯಾಂಕಿನ ಪಾಲಾಗುವ ಹೊತ್ತಿನಲ್ಲೂ 20 ಡಾಲರಿನ ನೋಟು ಅವನ ಕೈಗೆ ತುರುಕುತ್ತಾಳೆ, ಬೇಡ ಅಂದದ್ದಕ್ಕೆ ಸಿಟ್ಟಾಗುತ್ತಾಳೆ, ಆಮೇಲೆ ಅಳುತ್ತಾಳೆ. ಬಾಡಿಗೆ ಕೋಣೆಗೆ ಬಂದರೆ ಮಾಲೀಕ ಡಿಟ್ಕೋವಿಚ್ ಆ ನೋಟನ್ನು ಕಿತ್ತುಕೊಳ್ಳುತ್ತಾನೆ.

ಆ ಒಂದು ನೋಟಿನ ದಾರಿಯನ್ನು ಮಾತ್ರ ಗೆರೆ ಎಳೆದು ನೋಡಿ. ಇಲ್ಲದವಳ ಕೈಯಿಂದ ಇಲ್ಲದವನ ಕೈಗೆ, ಅಲ್ಲಿಂದ ಬಾಡಿಗೆಗೆ. ಇದರಲ್ಲಿ ಒಬ್ಬರೂ ಕೆಟ್ಟವರಲ್ಲ. ಅಜೀಜ್‌ಗೆ ಗಿರಾಕಿ ಉಳಿಯಬೇಕು, ಡಿಟ್ಕೋವಿಚ್‌ಗೆ ಬಾಡಿಗೆ ಬರಬೇಕು, ಕಾನರ್ಸ್‌ಗೆ ಬುದ್ಧಿವಂತ ಹುಡುಗ ಹಾಳಾಗಬಾರದು. ಎಲ್ಲರ ಬೇಡಿಕೆಯೂ ನ್ಯಾಯವಾದದ್ದೇ, ಎಲ್ಲವೂ ಒಬ್ಬನೇ ಹುಡುಗನ ಮೇಲೆ ಬೀಳುತ್ತದೆ. ಮುಂದೆ ಅವನ ಬಲೆ ಬಾರದೆ ಹೋದಾಗ, ಬಟ್ಟೆಯನ್ನು ಕಸಕ್ಕೆ ಎಸೆದಾಗ ನಾವು ನಂಬುವುದು ಈ ಹಾಳೆಯಿಂದಾಗಿ. ಕಸದ ಡಬ್ಬಿ, ಅದರಿಂದ ಬೆನ್ನು ತಿರುಗಿಸಿ ಹೋಗುವ ಹುಡುಗ ಅನ್ನುವ ಚಿತ್ರ 1967ರ ಕಾಮಿಕ್ಸಿನದು, ‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’ 50ನೇ ಸಂಚಿಕೆ. ಅಲ್ಲಿಂದ ತಂದ ಚಿತ್ರಕ್ಕೆ ತೂಕ ಬಂದದ್ದು ಮಾತ್ರ ಈ ಚಿಕ್ಕಪುಟ್ಟ ಜನರಿಂದ.

ಕೊಟ್ಟದ್ದರ ಸಾಲಿನಲ್ಲಿ ಬಹಳ ಹೊತ್ತು ಖಾಲಿ ಜಾಗವೇ. ಬೆಂಕಿ ಬಿದ್ದ ಕಟ್ಟಡದಿಂದ ಮಗುವನ್ನು ತಂದ ಮೇಲೂ, ಮೇಲಿನ ಮಹಡಿಯಲ್ಲಿ ಒಬ್ಬರು ಉಳಿದುಹೋದರು ಅನ್ನುವ ಮಾತು ಪೀಟರ್ ಕಿವಿಗೆ ಬೀಳುತ್ತದೆ. ಆಮೇಲೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ಮಾಲೀಕನ ಮಗಳು ಅರ್ಸುಲಾ ಬಾಗಿಲು ತಟ್ಟಿ, ಚಾಕೊಲೇಟ್ ಕೇಕ್ ಬೇಕಾ ಅಂತ ಕೇಳುತ್ತಾಳೆ. ಒಂದು ಲೋಟ ಹಾಲು ಕೂಡ. ಅಷ್ಟೇ. ಆ ಹುಡುಗಿಗೆ ಅವನ ಮೇಲೆ ಮನಸ್ಸಿದೆ, ಅದು ಮುಖದಲ್ಲೇ ಕಾಣುತ್ತದೆ. ಆದರೆ ಚಿತ್ರ ಅದನ್ನು ಎಳೆಯುವುದಿಲ್ಲ. ಮಜೀನಾ ಟೋವಾ ಭುಜ ಒಳಕ್ಕೆಳೆದುಕೊಂಡು ನಿಲ್ಲುವ ರೀತಿಯೇ ಸಾಕು. ನನ್ನ ಹಾಳೆಯಲ್ಲಿ ‘ತೆಗೆದುಕೊಂಡದ್ದು’ ಖಾಲಿಯಾಗಿದ್ದು ‘ಕೊಟ್ಟದ್ದು’ ಮಾತ್ರ ತುಂಬಿರುವ ಮೊದಲ ಸಾಲು ಇದು. ಪರದೆಯ ಮೇಲಿನ ನಿಮಿಷ ಎಣಿಸಿ ಪಾತ್ರ ಅಳೆಯುವವರು ಈ ದೃಶ್ಯವನ್ನು ದಾಟಿಹೋಗುತ್ತಾರೆ. ಅಭಿಮಾನಿಗಳ ಬರಹದಲ್ಲಿ ನಾನು ಕಾಣುವ ದೊಡ್ಡ ತಪ್ಪು ಅದು.

ಮೂರನೇ ಕೆಲಸ, ಪಾತ್ರವನ್ನು ತೆಗೆದು ನೋಡುವುದು. ಹಾಳೆಯ ಮೇಲೆ ಹೆಸರು ಹೊಡೆದುಹಾಕಿ, ಮುಂದಿನ ಯಾವ ದೃಶ್ಯ ಬೀಳುತ್ತದೆ ಅಂತ ಹುಡುಕಬೇಕು. ಮುಂದೆ ಖಳನಾಗುವ ವಿಜ್ಞಾನಿ ಆಟೊ ಆಕ್ಟೇವಿಯಸ್‌ನ ಹೆಂಡತಿ ರೋಸಿ (ಡಾನಾ ಮರ್ಫಿ) ಹೆಸರು ಹೊಡೆದರೆ ಇಡೀ ಚಿತ್ರ ಕುಸಿಯುತ್ತದೆ. ಊಟದ ಮೇಜಿನಲ್ಲಿ ಆಟೊ, ತಾನು ವಿಜ್ಞಾನ ಓದುತ್ತಿದ್ದಾಗ ಅವಳು ಸಾಹಿತ್ಯ ಓದುತ್ತಿದ್ದಳು, ಟಿ.ಎಸ್. ಎಲಿಯಟ್‌ನ ಮುಂದೆ ವಿಜ್ಞಾನ ಸುಲಭ ಅನ್ನುತ್ತಾನೆ. ಬುದ್ಧಿ ಇರುವುದು ನಾಲ್ಕು ಜನರ ಒಳಿತಿಗೆ ಅಂತ ಪೀಟರ್‌ಗೆ ಹೇಳುವುದೂ ಅಲ್ಲೇ. ಪ್ರಯೋಗ ಕೆಟ್ಟಾಗ ಗಾಜಿನ ಚೂರಿಗೆ ಅವಳು ಸಾಯುತ್ತಾಳೆ, ಅವನ ಬೆನ್ನಿಗಂಟಿದ ಲೋಹದ ತೋಳುಗಳನ್ನು ಹದ್ದಿನಲ್ಲಿಡುವ, ಕತ್ತಿನ ಹಿಂದಿನ ಚಿಪ್ ಸುಟ್ಟುಹೋಗುತ್ತದೆ. ಒಂದೇ ಗಳಿಗೆಯಲ್ಲಿ ಎರಡು ತಡೆಯೂ ಹೋದವು, ಮನೆಯದೂ ಯಂತ್ರದ್ದೂ. ಕೊನೆಯಲ್ಲಿ ಪೀಟರ್ ಅವನ ಮಾತನ್ನೇ ಅವನಿಗೆ ಹಿಂದಿರುಗಿಸಿದಾಗ ಆಟೊ ಆಗಿರುವ ಆಲ್ಫ್ರೆಡ್ ಮೊಲೀನಾ ಮುಖ ಸಡಿಲವಾಗುತ್ತದಲ್ಲ, ಅದು ಆ ಊಟದ ಮೇಜಿನ ಬಾಕಿ ತೀರಿದ್ದು.

ಗಗನಯಾತ್ರಿ ಜಾನ್ ಜೇಮ್ಸನ್‌ಗೆ ಇದೇ ಪರೀಕ್ಷೆ ಕಷ್ಟ. ಪೀಟರ್ ಪ್ರೀತಿಸುವ ಮೇರಿ ಜೇನ್ ಮದುವೆ ಮಂಟಪದಿಂದ ಓಡಿಬರಲು ಒಬ್ಬ ವರ ಬೇಕು, ಅದಕ್ಕಾಗಿ ಇದ್ದಾನೆ. ಅವನಿಗೆ ಏನು ಬೇಕು ಅಂತ ಚಿತ್ರ ಕೇಳುವುದೇ ಇಲ್ಲ. ಅವನನ್ನು ಕೆಟ್ಟವನನ್ನಾಗಿ ಮಾಡದೆ ಬಿಟ್ಟದ್ದು ಒಳ್ಳೆಯದೇ, ಆದರೆ ಬಿಟ್ಟುಹೋದ ಗಾಯಕ್ಕೂ ಒಂದು ದೃಶ್ಯ ಇಲ್ಲ. ಒಂದು ಕೈ ಇಲ್ಲದ ಕಾನರ್ಸ್‌ನನ್ನು ಕಂಡು ಕಾಮಿಕ್ಸ್ ಓದಿದವರು ಅವನೇ ಹಲ್ಲಿಮಾನವನಾಗಿ ಬರುತ್ತಾನೆ ಅಂತ ಕಾದೆವು. ರೈಮಿಯ ಮೂರು ಚಿತ್ರಗಳಲ್ಲೂ ಬರಲಿಲ್ಲ. ಮುಂದೆಂದೋ ಆಗಬಹುದಾದದ್ದಕ್ಕೆ ಈಗಲೇ ಅಂಕ ಕೊಡಬಾರದು. ಈ ಚಿತ್ರದಲ್ಲಿ ಅವನು ಮೇಷ್ಟ್ರು, ಮೇಷ್ಟ್ರಾಗಿ ಗಟ್ಟಿ.

ನಾಲ್ಕನೆಯದು ಆಯ್ದ ದೃಶ್ಯಗಳನ್ನು ಎರಡು ಸಲ ನೋಡುವುದು, ಒಮ್ಮೆ ಶಬ್ದ ತೆಗೆದು, ಒಮ್ಮೆ ಕಣ್ಣು ಮುಚ್ಚಿ. ಆ ಲೋಹದ ತೋಳುಗಳು ವೈದ್ಯರ ಮೇಲೆ ಎರಗುವ ಆಸ್ಪತ್ರೆಯ ದೃಶ್ಯಕ್ಕೆ ಕಣ್ಣು ಮುಚ್ಚಿ. ಡ್ಯಾನಿ ಎಲ್ಫ್‌ಮನ್ ಸಂಗೀತ ಅಲ್ಲಿ ಇಲ್ಲ. ಗರಗಸ, ಕಿರುಚಾಟ, ನೆಲಕ್ಕೆ ಉಗುರು ಕೆರೆಯುವ ಸದ್ದು. ದೆವ್ವದ ಚಿತ್ರ ಮಾಡಿ ಪಳಗಿದ ಕೈ ರೈಮಿಯದು. ನಾಲ್ಕು ಲೋಹದ ತೋಳುಗಳೇ ಒಂದು ಪೋಷಕ ಪಾತ್ರ ಅಂತ ನಾನು ಅವಕ್ಕೂ ಹಾಳೆಯಲ್ಲಿ ಸಾಲು ಕೊಟ್ಟಿದ್ದೇನೆ. ಬಹಳಷ್ಟು ದೃಶ್ಯಗಳಲ್ಲಿ ಅವನ್ನು ಗೊಂಬೆಯಾಟದವರೇ ಕೈಯಾರೆ ಆಡಿಸಿದರು, ಅದಕ್ಕೇ ಮೊಲೀನಾ ಅವುಗಳ ಜೊತೆ ಮಾತಾಡಿದಾಗ ಎದುರಿಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು; ಕಂಪ್ಯೂಟರ್ ಒಂದರಿಂದಲೇ ಬಂದದ್ದಲ್ಲ ಅದು.

ಶಬ್ದ ತೆಗೆದು ನೋಡಬೇಕಾದದ್ದು ಊಟದ ಮನೆಯ ತಪ್ಪೊಪ್ಪಿಗೆ. ಮೇಯ ಗಂಡ ಅಂಕಲ್ ಬೆನ್ ಸತ್ತದ್ದು ತನ್ನಿಂದ ಅಂತ ಪೀಟರ್ ಅವಳಿಗೆ ಹೇಳುತ್ತಾನೆ. ಮೇಜಿನ ಮೇಲೆ ಎರಡು ಕೈ. ಆಂಟ್ ಮೇ ಆಗಿರುವ ರೋಸ್‌ಮೇರಿ ಹ್ಯಾರಿಸ್ ಬೈಯುವುದಿಲ್ಲ, ಅಳುವುದಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಎದ್ದು ಮಹಡಿ ಹತ್ತಿ ಹೋಗುತ್ತಾರೆ. ಇಡೀ ಚಿತ್ರದಲ್ಲಿ ಪೀಟರ್‌ಗೆ ಬಿದ್ದ ದೊಡ್ಡ ಪೆಟ್ಟು ಆ ಎಳೆದುಕೊಂಡ ಕೈ, ಆಕ್ಟೇವಿಯಸ್‌ನ ತೋಳುಗಳದ್ದಲ್ಲ.

ಆಮೇಲೆ ಮನೆ ಖಾಲಿ ಮಾಡುವಾಗ, ಪಕ್ಕದ ಮನೆಯ ಹುಡುಗ ಹೆನ್ರಿ ಪೆಟ್ಟಿಗೆ ಹೊರುತ್ತಿರುವಾಗ, ಆಂಟ್ ಮೇ ಪೀಟರ್‌ನ ಎದುರು ನಾಯಕರ ಬಗ್ಗೆ ಮಾತಾಡುತ್ತಾಳೆ. ಅವನೇ ಸ್ಪೈಡರ್-ಮ್ಯಾನ್ ಅಂತ ಅವಳಿಗೆ ಗೊತ್ತೇ? ಇಂಥ ಕಡೆ ನಾನು ಹಾಳೆಯ ಹಿಂಬದಿಯಲ್ಲಿ ‘ಕಂಡದ್ದು’, ‘ಅನ್ನಿಸಿದ್ದು’ ಅಂತ ಎರಡು ಭಾಗ ಮಾಡುತ್ತೇನೆ. ಕಂಡದ್ದು: ಅವಳು ಹೆಸರೆತ್ತಲಿಲ್ಲ, ಅವನ ಮುಖ ನೋಡಿಕೊಂಡೇ ಹೇಳಿದಳು. ಅನ್ನಿಸಿದ್ದು: ಗೊತ್ತು. ಎರಡನೆಯದನ್ನು ಮೊದಲನೆಯದರಂತೆ ಬರೆದುಬಿಟ್ಟರೆ ಚಿತ್ರ ಬೇಕಂತಲೇ ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚಿದಂತೆ.

ಡೈಲಿ ಬ್ಯೂಗಲ್‌ನ ಸಂಪಾದಕ, ಜಾನ್‌ನ ಅಪ್ಪ ಜೆ. ಜೋನಾ ಜೇಮ್ಸನ್ ಬಗ್ಗೆ ಬರೆಯುವಾಗ ಜೋಕುಗಳ ಪಟ್ಟಿ ಮಾಡಿ ಮುಗಿಸುವ ಆಸೆ ಬರುತ್ತದೆ. ಜೆ.ಕೆ. ಸಿಮನ್ಸ್ ಆಡುವ ವೇಗಕ್ಕೆ ಅದು ಸಹಜ. ಆದರೆ ಕಸದವನಿಂದ ಕೊಂಡ ಸ್ಪೈಡರ್ ಬಟ್ಟೆ ಗೋಡೆಗೆ ತೂಗುಹಾಕಿಕೊಂಡು, ಮಗ ಮದುವೆಯಾಗಬೇಕಿದ್ದ ಮೇರಿ ಜೇನ್ ಅಪಹರಣವಾದ ಹೊತ್ತಿನಲ್ಲಿ, ಸ್ಪೈಡರ್-ಮ್ಯಾನ್ ನಿಜವಾಗಿ ನಾಯಕನಾಗಿದ್ದ, ಓಡಿಸಿದವನು ನಾನೇ ಅಂತ ಒಪ್ಪಿಕೊಳ್ಳುತ್ತಾನೆ. ಆ ಪಶ್ಚಾತ್ತಾಪ ಸುಳ್ಳಲ್ಲ. ತಿರುಗಿ ನೋಡಿದರೆ ಗೋಡೆಯ ಮೇಲೆ ಬಟ್ಟೆ ಇಲ್ಲ, ಒಡನೆಯೇ ‘ಕಳ್ಳ’ ಅಂತ ಕೂಗು. ಎರಡೂ ಒಂದೇ ಉಸಿರಿನಲ್ಲಿ ನಿಜವಾಗಿರುವುದರಿಂದ ಅವನು ಬರೀ ಕಾಮಿಡಿ ಪಾತ್ರವಾಗದೆ ಮನುಷ್ಯನಾಗುತ್ತಾನೆ.

ಪೀಟರ್‌ನ ಗೆಳೆಯ ಹ್ಯಾರಿ ಆಸ್ಬಾರ್ನ್ ನನಗೆ ಅರ್ಧ ಒಪ್ಪಿಗೆ. ದುಃಖ, ಕುಡಿತ, ಸ್ಪೈಡರ್-ಮ್ಯಾನ್ ಮೇಲಿನ ದ್ವೇಷ ಮೊದಲ ದೃಶ್ಯದಿಂದ ಒಂದೇ ಸ್ವರದಲ್ಲಿ ನಿಂತಿವೆ. ಮುಖವಾಡ ಎಳೆದು ಗೆಳೆಯನ ಮುಖ ಕಂಡ ಗಳಿಗೆಯಲ್ಲಷ್ಟೇ ಅದು ಕದಲುತ್ತದೆ. ಮೇರಿ ಜೇನ್‌ಗೆ ಚಿತ್ರ ನ್ಯಾಯ ಮಾಡಿದ್ದು ರಂಗದ ಮೇಲೆ, ಮಾತಿನಲ್ಲಿ. ಅನ್ಯಾಯ ಮಾಡಿದ್ದು ಮತ್ತೊಮ್ಮೆ ಅಪಹರಿಸಿ, ಕಟ್ಟಿಹಾಕಿ, ಕಿರುಚಿಸಿದ್ದು. ಮೊದಲ ಭಾಗದ ಕ್ಲೈಮ್ಯಾಕ್ಸಿನಲ್ಲೂ ಅದೇ ಆಗಿತ್ತು. 2007ರ ಮೂರನೇ ಭಾಗಕ್ಕೆ ಇದೇ ಹಾಳೆ ಹಾಕಿದರೆ, ಮೂವರು ಖಳರು ಸೇರಿ ಅಜೀಜ್, ಅರ್ಸುಲಾರಂಥವರ ಜಾಗ ತಿಂದದ್ದು ಸಾಲು ಸಾಲಾಗಿ ಕಾಣುತ್ತದೆ.

ರೈಲಿನ ದೃಶ್ಯವನ್ನು ಕೊನೆಗೆ ಬಿಡುತ್ತೇನೆ, ಏಕೆಂದರೆ ಬಾಕಿಯೆಲ್ಲ ಅಲ್ಲಿ ಜಮಾ ಆಗುತ್ತದೆ. ರೈಲು ನಿಲ್ಲಿಸಿ ಕುಸಿದವನನ್ನು ಪ್ರಯಾಣಿಕರು ತಲೆಯ ಮೇಲೆ ಕೈಯಿಂದ ಕೈಗೆ ಸಾಗಿಸುತ್ತಾರೆ. ಮುಖವಾಡ ಇಲ್ಲ. ನನ್ನ ಮಗನಿಗಿಂತ ದೊಡ್ಡವನಲ್ಲ ಅನ್ನುತ್ತಾನೆ ಒಬ್ಬ. ಇಬ್ಬರು ಹುಡುಗರು ಮುಖವಾಡ ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲ ಅನ್ನುತ್ತಾರೆ. ಆಕ್ಟೇವಿಯಸ್ ಬಂದಾಗ ಹೆಸರಿಲ್ಲದ ಆ ಜನ ಅಡ್ಡ ನಿಲ್ಲುತ್ತಾರೆ, ಒಂದೇ ಏಟಿಗೆ ಪಕ್ಕಕ್ಕೆ ಬೀಳುತ್ತಾರೆ. ಹಾಳೆಯಲ್ಲಿ ಇಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಬರೆಯಬೇಕು, ‘ಜನ’ ಅಂತ ಒಂದೇ ಸಾಲು ಬರೆದರೆ ದೃಶ್ಯದ ಜೀವ ಹೋಗುತ್ತದೆ.

ಇನ್ನು ಐದನೇ ಗೆರೆ, ದೃಶ್ಯ ಯಾರ ಮುಖದ ಮೇಲೆ ಮುಗಿಯಿತು ಅನ್ನುವುದು. ಚಿತ್ರದ ಕಟ್ಟಕಡೆಯ ಸಾಲಿನಲ್ಲಿ ಸ್ಪೈಡರ್-ಮ್ಯಾನ್ ಇಲ್ಲ. ಅವನು ಪೊಲೀಸ್ ಸೈರನ್ ಕೇಳಿ ಕಿಟಕಿಯಿಂದ ಹಾರಿಹೋಗಿದ್ದಾನೆ, ಕಳಿಸಿದವಳು ಮೇರಿ ಜೇನ್. ನಗುತ್ತಲೇ ಕಳಿಸಿದಳು. ಮದುವೆಯ ಉಡುಪಿನಲ್ಲೇ ಕಿಟಕಿಯ ಬಳಿ ನಿಂತವಳ ಮುಖದಿಂದ ಆ ನಗು ಮೆಲ್ಲಗೆ ಇಳಿಯುತ್ತದೆ, ಆಮೇಲೆ ಪರದೆ ಕಪ್ಪು.